ದೇಶದ ಇಂಟರ್ನೆಟ್ ಕಡಿದರೆ ಬಿಟ್‌ಕಾಯಿನ್ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಟ್‌ಕಾಯಿನ್ ಮಾತಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇಂಟರ್ನೆಟ್ಟೇ ಇಲ್ಲದಿದ್ದರೆ?" ಕೆಲವರ ದನಿಯಲ್ಲಿ ಆತಂಕ ಇರುತ್ತದೆ, ಕೆಲವರ ದನಿಯಲ್ಲಿ "ಸಿಕ್ಕಿಬಿದ್ದೆ ನೋಡು" ಎಂಬ ಖುಷಿ. ಇಬ್ಬರಿಗೂ ಕೊಡಬೇಕಾದ ಉತ್ತರ ಒಂದೇ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಹೇಳಿದ್ದನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಹೆಚ್ಚಿನದು ಬಿಟ್‌ಕಾಯಿನ್ ಬಗ್ಗೆ. ಉಳಿದ ಜಾಲಗಳ ನಡವಳಿಕೆ ಬೇರೆಯಿದ್ದರೆ ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

## ಮೊದಲ ಪ್ರಶ್ನೆಗಳು

ನೆಟ್ ಬಂದ್ ಆದರೆ ನನ್ನ ಬಿಟ್‌ಕಾಯಿನ್ ಹೋದ ಹಾಗೇ ತಾನೆ?

ಹೋಗುವುದಿಲ್ಲ. ಅದು ನಿಮ್ಮ ಫೋನಿನೊಳಗೆ ಎಂದೂ ಇರಲೇ ಇಲ್ಲ. ಯಾವ ಕೀಲಿಗೆ ಎಷ್ಟು ನಾಣ್ಯ ಸೇರಿದೆ ಎಂಬ ಲೆಕ್ಕ ಇರುವುದು ಜಗತ್ತಿನ ತುಂಬ ಹರಡಿರುವ ಸಾವಿರಾರು ನೋಡ್‌ಗಳಲ್ಲಿ, ಅಂದರೆ ಬಿಟ್‌ಕಾಯಿನ್ ತಂತ್ರಾಂಶ ಓಡಿಸುವ ಕಂಪ್ಯೂಟರ್‌ಗಳಲ್ಲಿ. ನಿಮ್ಮಲ್ಲಿರುವುದು ಕೀಲಿ ಮಾತ್ರ, ಬಹುಮಟ್ಟಿಗೆ 12 ಅಥವಾ 24 ಪದಗಳ ರೂಪದಲ್ಲಿ. ಸಂಪರ್ಕ ಇಲ್ಲದ ದಿನಗಳಲ್ಲಿ ನಿಮ್ಮ ಕೈಯಿಂದ ಅದನ್ನು ಅಲುಗಿಸಲಾಗದು, ಅಷ್ಟೆ. ಅವೇ ಪದಗಳನ್ನು ಬಲ್ಲ, ಹೊರದೇಶದಲ್ಲಿರುವ ನಿಮ್ಮವರೊಬ್ಬರು ಆ ಹೊತ್ತಿನಲ್ಲೂ ನಾಣ್ಯವನ್ನು ಖರ್ಚು ಮಾಡಬಲ್ಲರು. ಇದನ್ನು ಸಮಾಧಾನ ಎನ್ನಬೇಕೋ ಅಪಾಯ ಎನ್ನಬೇಕೋ ಎಂಬುದು ಆ ನಿಮ್ಮವರು ಎಂಥವರು ಎಂಬುದರ ಮೇಲಿದೆ.

ಇಡೀ ದೇಶವನ್ನೇ ಇಂಟರ್ನೆಟ್ಟಿನಿಂದ ಕಡಿಯುವುದು ನಿಜಕ್ಕೂ ಆಗುವ ಮಾತೇ?

ಆಗಿದೆ, ಹಲವು ಸಲ. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಸುಮಾರು ಐದು ದಿನ ಜಾಲದಿಂದ ಮಾಯವಾಗಿತ್ತು. 2019ರ ನವೆಂಬರ್‌ನಲ್ಲಿ ಇರಾನ್ ಸುಮಾರು ಒಂದು ವಾರ ಹೊರಗಿನ ಸಂಪರ್ಕ ಮುಚ್ಚಿತು, ಆದರೆ ದೇಶದೊಳಗಿನ ಸೇವೆಗಳಲ್ಲಿ ಹಲವನ್ನು ನಡೆಯಲು ಬಿಟ್ಟಿತು. 2022ರ ಜನವರಿಯಲ್ಲಿ ಕಜಾಕಸ್ತಾನದ ಸರದಿ. ಅದೇ ತಿಂಗಳು ಟೋಂಗಾದಲ್ಲಿ ಜ್ವಾಲಾಮುಖಿ ಸಿಡಿದು ಸಮುದ್ರದಡಿಯ ಕೇಬಲ್ ತುಂಡಾಯಿತು. ಸರಿಹೋಗಲು ಐದು ವಾರ ಬೇಕಾಯಿತು. 2011ರ ಮಾರ್ಚ್‌ನಲ್ಲಂತೂ ಆರ್ಮೇನಿಯಾದ ಬಹುಪಾಲು ಇಂಟರ್ನೆಟ್ ಗಂಟೆಗಟ್ಟಲೆ ಬಿದ್ದುಹೋಗಿತ್ತು. ಕಾರಣ ಪಕ್ಕದ ಜಾರ್ಜಿಯಾದಲ್ಲಿ ತಾಮ್ರಕ್ಕಾಗಿ ನೆಲ ಅಗೆಯುತ್ತಿದ್ದ 75 ವರ್ಷದ ವೃದ್ಧೆಯ ಸಲಿಕೆ ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು.

ಈ ಪಟ್ಟಿಯಲ್ಲಿ ಒಂದನ್ನು ಗಮನಿಸಿ. ಈಜಿಪ್ಟ್‌ನಲ್ಲಿ ಷೇರು ವಿನಿಮಯ ಕೇಂದ್ರಕ್ಕೆ ಸೇವೆ ಕೊಡುತ್ತಿದ್ದ ನೂರ್ ಎಂಬ ಕಂಪನಿಯ ಸಂಪರ್ಕ ಮೊದಲ ಕೆಲವು ದಿನ ಹಾಗೆಯೇ ಉಳಿದಿತ್ತು. ಪೂರ್ತಿ ಕಡಿಯುವುದು ಬಹಳ ಕಷ್ಟ, ಎಲ್ಲೋ ಒಂದು ಎಳೆ ಉಳಿದುಬಿಡುತ್ತದೆ. ಮುಂದೆ ಬರುವ ಅರ್ಧ ಉತ್ತರಗಳು ಆ ಎಳೆಯ ಸುತ್ತಲೇ ಇವೆ.

ಒಂದು ದೇಶ ಹೊರಗುಳಿದರೆ ಇಡೀ ಬಿಟ್‌ಕಾಯಿನ್ ಜಾಲ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ, ನಿಧಾನವಾಗಬಹುದು. ವಹಿವಾಟುಗಳು ಬ್ಲಾಕ್ ಎಂಬ ಕಟ್ಟುಗಳಲ್ಲಿ ಸೇರುತ್ತವೆ, ಒಂದರ ಮೇಲೊಂದು ಪೋಣಿಸಿದ ಬ್ಲಾಕ್‌ಗಳೇ ಸರಪಳಿ. ಬಹುಮಾನಕ್ಕಾಗಿ ಯಂತ್ರಗಳಿಂದ ಲೆಕ್ಕ ಬಿಡಿಸಿ ಬ್ಲಾಕ್ ಕಟ್ಟುವವರು ಗಣಿಗಾರರು, ಆ ಲೆಕ್ಕ ಎಷ್ಟು ಕಷ್ಟ ಎಂಬುದೇ ಕಠಿಣತೆ. ಸುಮಾರು 10 ನಿಮಿಷಕ್ಕೊಂದು ಬ್ಲಾಕ್ ಬರುವಂತೆ ಜಾಲ ತನ್ನ ಕಠಿಣತೆಯನ್ನು ಪ್ರತಿ 2016 ಬ್ಲಾಕ್‌ಗೊಮ್ಮೆ, ಅಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಸರಿಮಾಡಿಕೊಳ್ಳುತ್ತದೆ. ಅಷ್ಟರ ನಡುವೆ ಗಣಿಗಾರರು ಕಾಣೆಯಾದರೆ ಉಳಿದವರು ಹಳೆಯ ಕಠಿಣತೆಯಲ್ಲೇ ಒದ್ದಾಡಬೇಕು.

ಕಜಾಕಸ್ತಾನವನ್ನೇ ನೋಡಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಂದಾಜಿನಂತೆ 2021ರ ಆಗಸ್ಟ್‌ನಲ್ಲಿ ಜಗತ್ತಿನ ಹ್ಯಾಶ್ ಸಾಮರ್ಥ್ಯದ, ಅಂದರೆ ಗಣಿಗಾರರ ಒಟ್ಟು ಲೆಕ್ಕ ಬಿಡಿಸುವ ಶಕ್ತಿಯ, ಶೇ 18ರಷ್ಟು ಅಲ್ಲಿತ್ತು. 2022ರ ಜನವರಿ 5ರಂದು ಅಲ್ಲಿ ನೆಟ್ ಹೋದ ಕೆಲವೇ ಗಂಟೆಗಳಲ್ಲಿ ಜಾಲದ ಒಟ್ಟು ಸಾಮರ್ಥ್ಯ ಶೇ 12ರಷ್ಟು ಕುಸಿಯಿತು. ಹೊರಗಿನ ಬಳಕೆದಾರರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ಅದಕ್ಕೂ ಮೊದಲು, 2021ರ ಮೇ–ಜೂನ್‌ನಲ್ಲಿ ಚೀನಾ ಗಣಿಗಾರಿಕೆ ನಿಷೇಧಿಸಿದಾಗ, ಜಾಲದ ಸುಮಾರು ಅರ್ಧ ಸಾಮರ್ಥ್ಯವೇ ಹೋಗಿತ್ತು. ಅದು ನೆಟ್ ಕಡಿತವಲ್ಲ, ಆದರೆ ಪೆಟ್ಟು ಅದೇ ಬಗೆಯದು. ಬ್ಲಾಕ್‌ಗಳು ತಡವಾದವು, ಜುಲೈ 3ರಂದು ಕಠಿಣತೆ ಒಂದೇ ಏಟಿಗೆ ಶೇ 27.94 ಇಳಿಯಿತು, ಕೆಲಸ ಮುಂದುವರಿಯಿತು.

ಜಾಲಕ್ಕೆ ಏನೂ ಆಗುವುದಿಲ್ಲ ಎಂದು ಎದೆ ತಟ್ಟಿಕೊಳ್ಳುವವರು ಒಂದನ್ನು ಮರೆಯುತ್ತಾರೆ. ಜಾಲ ಬದುಕುವುದು ಕಡಿದುಹೋದವರನ್ನು ಬಿಟ್ಟು ಮುಂದೆ ಹೋಗುವುದರಿಂದ. ಒಳಗೆ ಉಳಿದವರ ಪಾಡು ಬೇರೆಯೇ ಲೆಕ್ಕ.

ನೆಟ್ ಇಲ್ಲದೆ ಹಣ ಕಳಿಸಬಹುದು ಅಂತಾರಲ್ಲ, ಅದು ಹೇಗೆ?

ಅರ್ಧ ಕೆಲಸ ನೆಟ್ ಇಲ್ಲದೆ ಆಗುತ್ತದೆ. ವಹಿವಾಟಿಗೆ ಸಹಿ ಹಾಕುವುದು ಬರೀ ಲೆಕ್ಕಾಚಾರ, ಅದಕ್ಕೆ ಯಾವ ಸಂಪರ್ಕವೂ ಬೇಡ. ಸಹಿಯಾದ ವಹಿವಾಟು ಸಾಮಾನ್ಯವಾಗಿ 200–250 ಬೈಟ್ ಇರುತ್ತದೆ. ಅದು ಹೇಗಾದರೂ, ಯಾರ ಮೂಲಕವಾದರೂ ಹೊರಗಿನ ಒಂದು ನೋಡ್ ತಲುಪಬೇಕು, ಆಮೇಲೆ ಬ್ಲಾಕ್‌ಗೆ ಸೇರಬೇಕು. ಒಯ್ಯುವವನು ಕಳ್ಳನಾದರೂ ಚಿಂತೆಯಿಲ್ಲ. ಅವನು ಅದನ್ನು ತಿದ್ದಲಾರ, ನಾಣ್ಯ ಕದಿಯಲಾರ, ತಲುಪಿಸದೆ ಸತಾಯಿಸಬಹುದು.

ಆದರೆ ಎಕ್ಸ್‌ಚೇಂಜ್ ಆ್ಯಪ್ ಕಡಿತದ ದಿನಗಳಲ್ಲೂ ಓಡುತ್ತದಲ್ಲ, ಅಲ್ಲಿ ಬಿಟ್‌ಕಾಯಿನ್ ಕೊಳ್ಳಬಹುದಲ್ಲ?

ದೇಶದೊಳಗಿನ ಜಾಲ ಉಳಿದು ಹೊರಗಿನದು ಮಾತ್ರ ಹೋಗಿದ್ದರೆ, ದೇಶೀ ಎಕ್ಸ್‌ಚೇಂಜ್ ತೆರೆದೇ ಇರಬಹುದು. ಅಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಬದಲಾಗುವುದು ಆ ಕಂಪನಿಯ ಡೇಟಾಬೇಸ್‌ನ ಎರಡು ಸಾಲು. ಸರಪಳಿಯ ಮೇಲೆ ಏನೂ ನಡೆದಿರುವುದಿಲ್ಲ. ಹೊರಗಿನ ಮಾರುಕಟ್ಟೆಯೊಂದಿಗೆ ಬೆಲೆ ಸರಿದೂಗಿಸುವವರು ಇಲ್ಲದ ಕಾರಣ ಒಳಗಿನ ಬೆಲೆ ಎತ್ತಲಾದರೂ ಓಡಬಹುದು. ಅಂಥ ದಿನ ನೀವು ಕೊಂಡದ್ದು ಬಿಟ್‌ಕಾಯಿನ್ ಅಲ್ಲ, ಸಂಪರ್ಕ ಮರಳಿದ ಮೇಲೆ ಕೊಡುತ್ತೇನೆ ಎಂಬ ಮಾತು.

## ಸರಪಳಿ ಎರಡಾದಾಗ

ಒಳಗಿನ ಬಿಟ್‌ಕಾಯಿನ್ ಬೇರೆ, ಹೊರಗಿನದು ಬೇರೆ ಅಂತ ಎರಡಾಗಿಬಿಡುತ್ತದಾ?

ಆಗಬಹುದು, ಆದರೆ ಅದಕ್ಕೆ ಎರಡು ಷರತ್ತು ಕೂಡಿಬರಬೇಕು. ಕಡಿತ ಪೂರ್ಣವಾಗಿರಬೇಕು, ಒಳಗೆ ಸ್ವಂತವಾಗಿ ಬ್ಲಾಕ್ ಕಟ್ಟಬಲ್ಲ ಗಣಿಗಾರರು ಇರಬೇಕು. ಆಗ ಎರಡೂ ಕಡೆ ಒಂದೇ ನಿಯಮ, ಒಂದೇ ಹಳೆಯ ಇತಿಹಾಸ, ಮುಂದಿನ ಪುಟ ಮಾತ್ರ ಬೇರೆ ಬೇರೆ.

ಒಳಗಿನ ಪುಟ ಎಷ್ಟು ನಿಧಾನವಾಗಿ ತುಂಬುತ್ತದೆ ಎಂಬುದೇ ಸ್ವಾರಸ್ಯ. ಜಗತ್ತಿನ ಸಾಮರ್ಥ್ಯದ ಶೇ 10 ಒಳಗಿದ್ದರೆ ಬ್ಲಾಕ್‌ಗೆ 100 ನಿಮಿಷ. ಶೇ 5 ಇದ್ದರೆ 200 ನಿಮಿಷ. ಶೇ 1 ಇದ್ದರೆ 1000 ನಿಮಿಷ, ಅಂದರೆ ಹದಿನಾರು ಗಂಟೆಗೂ ಮಿಕ್ಕಿ. ಕಠಿಣತೆ ಇಳಿಯಲಿ ಎಂದು ಕಾಯೋಣವೆಂದರೆ ಆ ಲೆಕ್ಕ ನಡೆಯುವುದು ದಿನಗಳಲ್ಲಲ್ಲ, ಬ್ಲಾಕ್‌ಗಳಲ್ಲಿ. 2016 ಬ್ಲಾಕ್ ಮುಗಿಯಲು ಶೇ 5ರವರಿಗೆ ಸುಮಾರು 280 ದಿನ ಬೇಕು, ಶೇ 1ರವರಿಗೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ. ಕಡಿತದ ಹೊತ್ತಿಗೆ ಅವಧಿಯ ಅರ್ಧ ಕಳೆದಿದ್ದರೆ ಇದು ಅರ್ಧವಾದೀತು. ಆದರೂ ಮೇಲಿನ ಪಟ್ಟಿಯ ಕಡಿತಗಳೆಲ್ಲ ಗಂಟೆಗಳಲ್ಲೋ ದಿನಗಳಲ್ಲೋ ವಾರಗಳಲ್ಲೋ ಮುಗಿದವು. ಅಷ್ಟರಲ್ಲಿ ಸಣ್ಣ ದೇಶದೊಳಗಿನ ಸರಪಳಿ ತೆವಳುವುದನ್ನು ಕೂಡ ಕಲಿತಿರುವುದಿಲ್ಲ.

ಮತ್ತೆ ಸಂಪರ್ಕ ಬಂದಾಗ ಯಾರ ಸರಪಳಿ ಗೆಲ್ಲುತ್ತದೆ?

ಹೆಚ್ಚು ಕೆಲಸ ಸೇರಿರುವುದು. ಉದ್ದದ್ದು ಎಂದು ಹಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ಪ್ರತಿ ಬ್ಲಾಕ್‌ನ ಹಿಂದಿರುವ ಲೆಕ್ಕಾಚಾರದ ಶ್ರಮವನ್ನೆಲ್ಲ ಕೂಡಿ ಯಾರದ್ದು ದೊಡ್ಡದೋ ಅವರ ಪುಟ ಉಳಿಯುತ್ತದೆ. ಎರಡು ಕಡೆಯ ನೋಡ್‌ಗಳು ಕೈಕುಲುಕಿದ ಕೂಡಲೇ ಸೋತ ಕಡೆಯವರು ತಮ್ಮ ಬ್ಲಾಕ್‌ಗಳನ್ನು ತಾವೇ ಬಿಚ್ಚಿ ಹೊರಗಿನವನ್ನು ಜೋಡಿಸಿಕೊಳ್ಳುತ್ತಾರೆ. ಯಾರ ಒಪ್ಪಿಗೆಯೂ ಬೇಕಿಲ್ಲ, ಯಾರೂ ಗುಂಡಿ ಒತ್ತಬೇಕಿಲ್ಲ.

ಒಳಗೆ 6 ದೃಢೀಕರಣ ಬಂದಿತ್ತು, ನಂಬಿ ಸರಕು ಕೊಟ್ಟೆ. ಈಗ ಆ ಹಣ ಇಲ್ಲ ಅಂದರೆ?

ಈ ವಿಷಯದಲ್ಲಿ ನಿಜವಾದ ನಷ್ಟ ಆಗುವುದು ಇಲ್ಲೇ. ದೃಢೀಕರಣ ಅಂದರೆ ವಹಿವಾಟು ಸೇರಿದ ಬ್ಲಾಕನ್ನೂ ಅದರ ಮೇಲೆ ಕೂತ ಬ್ಲಾಕ್‌ಗಳನ್ನೂ ಕೂಡಿದ ಎಣಿಕೆ. ಬಿಚ್ಚಿಹೋದ ಬ್ಲಾಕ್‌ನಲ್ಲಿದ್ದ ವಹಿವಾಟು ಅಲ್ಲೇ ಸಾಯುವುದಿಲ್ಲ. ಪ್ರಾಮಾಣಿಕ ವಹಿವಾಟಾದರೆ ಕಾಯುವ ಸಾಲಿಗೆ ಮರಳುತ್ತದೆ, ಅಥವಾ ವ್ಯಾಲೆಟ್ ಅದನ್ನು ಮತ್ತೆ ಪ್ರಸಾರ ಮಾಡುತ್ತದೆ, ಹೊರಗಿನ ಸರಪಳಿಗೂ ಸೇರುತ್ತದೆ. ಕೊಟ್ಟವನು ಮೋಸಗಾರನಾಗಿದ್ದರೆ? ಅವನ ಜೊತೆಗಾರ ಅದೇ ಕೀಲಿಯಿಂದ ಅದೇ ನಾಣ್ಯವನ್ನು ಹೊರಗೆ ಬೇರೆಯವರಿಗೆ ಕೊಟ್ಟಿರುತ್ತಾನೆ. ಹೊರಗಿನದು ನಿಲ್ಲುತ್ತದೆ, ನಿಮ್ಮದು ಅಳಿಯುತ್ತದೆ.

ಇಂಥದ್ದು ಒಮ್ಮೆ ನಡೆದಿದೆ, ನೆಟ್ ಕಡಿತದಿಂದಲ್ಲ, ತಂತ್ರಾಂಶದ ದೋಷದಿಂದ. 2013ರ ಮಾರ್ಚ್ 11–12ರಂದು ಬಿಟ್‌ಕಾಯಿನ್ ತಂತ್ರಾಂಶದ 0.8ನೇ ಆವೃತ್ತಿ ಒಪ್ಪಿದ ಒಂದು ಬ್ಲಾಕನ್ನು ಹಳೆಯ ಆವೃತ್ತಿಗಳು ಒಪ್ಪಲಿಲ್ಲ. ಸುಮಾರು ಆರು ಗಂಟೆ ಎರಡು ಸರಪಳಿಗಳು ಓಡಿದವು. ಕೊನೆಗೆ 24 ಬ್ಲಾಕ್ ಬಿದ್ದುಹೋದವು, ಸುಮಾರು 10,000 ಡಾಲರ್ ಮೊತ್ತದ ಒಂದು ಪಾವತಿ ಎರಡು ಸಲ ಖರ್ಚಾಯಿತು. ಆ ದಿನ ಬಿಟ್ಟುಕೊಟ್ಟದ್ದು ಹೆಚ್ಚು ಸಾಮರ್ಥ್ಯ ಇದ್ದ 0.8ರ ಕಡೆ. ಹಳೆಯ ಆವೃತ್ತಿಯವರು ಅವರ ಬ್ಲಾಕನ್ನು ಒಪ್ಪುವ ಹಾಗೇ ಇರಲಿಲ್ಲವಾದ್ದರಿಂದ, ಅಭಿವೃದ್ಧಿಕಾರರು ಕೇಳಿಕೊಂಡ ಮೇಲೆ ಗಣಿಗಾರರು ತಮ್ಮ ಆದಾಯ ಬಿಟ್ಟು ಹಿಂದೆ ಬಂದರು. ಗಣಿತ ಎಲ್ಲವನ್ನೂ ತಾನೇ ತೀರ್ಮಾನಿಸುತ್ತದೆ ಎನ್ನುವವರಿಗೆ ನಾನು ಈ ರಾತ್ರಿಯ ಕಥೆ ಹೇಳುತ್ತೇನೆ.

ಕಡಿತದ ದಿನಗಳಲ್ಲಿ ಒಳಗಿನ ದೃಢೀಕರಣವನ್ನು ಆರಕ್ಕಲ್ಲ, ಅರವತ್ತಕ್ಕೂ ನಂಬಬೇಡಿ. ಹೊರಗಿನ ಸರಪಳಿಯ ತುದಿಯನ್ನು ನೋಡದೆ ಎಣಿಸಿದ ಸಂಖ್ಯೆಗೆ ಬೆಲೆಯಿಲ್ಲ.

ಒಳಗಿನ ಗಣಿಗಾರರ ಗತಿ ಏನು?

ಹೆಚ್ಚಿನವರ ಯಂತ್ರ ಸುಮ್ಮನೆ ನಿಂತುಬಿಡುತ್ತದೆ. ಇಂದು ಗಣಿಗಾರಿಕೆ ನಡೆಯುವುದು ಪೂಲ್‌ಗಳ, ಅಂದರೆ ಹಲವು ಗಣಿಗಾರರು ಶಕ್ತಿ ಕೂಡಿಸಿ ಬಹುಮಾನ ಹಂಚಿಕೊಳ್ಳುವ ಕೂಟಗಳ, ಮೂಲಕ. ಯಂತ್ರ ಒಂದು ದೇಶದಲ್ಲಿ, ಅದಕ್ಕೆ ಕೆಲಸ ಹಂಚುವ ಸರ್ವರ್ ಇನ್ನೊಂದು ದೇಶದಲ್ಲಿ ಇರಬಹುದು. ಸರ್ವರ್ ಹೊರಗುಳಿದರೆ ಯಂತ್ರಕ್ಕೆ ಏನು ಮಾಡಬೇಕೆಂದೇ ತಿಳಿಯದು. ಕಜಾಕಸ್ತಾನದಲ್ಲಿ ಸಾಮರ್ಥ್ಯ ಕುಸಿಯಿತೇ ಹೊರತು ಸರಪಳಿ ಒಡೆಯಲಿಲ್ಲ ಎಂಬುದನ್ನು ನೆನೆಯಿರಿ. "ದೇಶದಲ್ಲಿ ಇಷ್ಟು ಶೇಕಡಾ ಸಾಮರ್ಥ್ಯ ಇದೆ" ಎಂಬ ಅಂಕಿಯನ್ನು ನೇರವಾಗಿ "ಇಷ್ಟು ವೇಗದ ಒಳಗಿನ ಸರಪಳಿ" ಎಂದು ಓದಬಾರದು.

ಸರ್ವರ್ ಕೂಡ ಒಳಗೇ ಇದ್ದರೆ ಯಂತ್ರಗಳು ಓಡುತ್ತವೆ, ವಿದ್ಯುತ್ ಬಿಲ್ ಏರುತ್ತದೆ, ಪುನಃ ಸೇರಿದ ದಿನ ಗಳಿಸಿದ್ದೆಲ್ಲ ನೀರ ಮೇಲಿನ ಬರಹ. ಇದನ್ನು ಊಹಿಸಿಯೋ ಎಂಬಂತೆ ಒಂದು ಹಳೆಯ ನಿಯಮ ಇದೆ: ಬ್ಲಾಕ್ ಕಂಡವನು ತನ್ನ ಬಹುಮಾನವನ್ನು, ಅಂದರೆ 2024ರ ಏಪ್ರಿಲ್‌ನಿಂದ 3.125 ಬಿಟ್‌ಕಾಯಿನ್ ಆಗಿರುವುದನ್ನು, ಅದರ ಮೇಲೆ 100 ಬ್ಲಾಕ್ ಕೂರುವವರೆಗೆ ಖರ್ಚು ಮಾಡುವಂತಿಲ್ಲ. ಶೇ 5 ಸಾಮರ್ಥ್ಯವಿರುವ, ಹೀಗೆ ಕಡಿದುಹೋಗಿ ದ್ವೀಪವಾದ ದೇಶದಲ್ಲಿ 100 ಬ್ಲಾಕ್ ಅಂದರೆ ಸುಮಾರು 14 ದಿನ. ಸಣ್ಣ ಕಡಿತದಲ್ಲಿ ಹುಟ್ಟಿದ ಹುಸಿ ಬಹುಮಾನ ಯಾರ ಕೈಗೂ ದಾಟುವುದಿಲ್ಲ.

ನಾನು ಒಳಗೆ ಸಿಕ್ಕಿಕೊಂಡಿದ್ದೇನೆ ಅಂತ ನನ್ನ ನೋಡ್‌ಗೆ ಹೇಗೆ ಗೊತ್ತಾಗುತ್ತದೆ?

ಖಚಿತವಾಗಿ ಗೊತ್ತಾಗುವುದಿಲ್ಲ, ಅನುಮಾನ ಬರುತ್ತದೆ. 30 ನಿಮಿಷ ಹೊಸ ಬ್ಲಾಕ್ ಬಾರದಿದ್ದರೆ ಬಿಟ್‌ಕಾಯಿನ್ ಕೋರ್ ತಂತ್ರಾಂಶ ಇನ್ನೊಂದು ನೋಡ್ ಹುಡುಕಿ ಕೇಳುತ್ತದೆ. ಆದರೆ ತಡ ಆದ ಮಾತ್ರಕ್ಕೆ ಗಾಬರಿ ಬೇಡ. ಬ್ಲಾಕ್ ಬರುವುದು ಅದೃಷ್ಟದ ಆಟ; ಎಲ್ಲ ಸರಿಯಿದ್ದಾಗಲೂ ಮೂರು ದಿನಕ್ಕೊಮ್ಮೆಯಾದರೂ ಒಂದು ಗಂಟೆಯ ಅಂತರ ಬೀಳುತ್ತದೆ. ಎರಡು ಗಂಟೆಯ ಅಂತರ ಮಾತ್ರ ಮೂರು ವರ್ಷಕ್ಕೊಮ್ಮೆ ಕಾಣುವಂಥದ್ದು. ಅಂಥ ಎರಡು ಅಂತರ ಒಂದರ ಹಿಂದೊಂದು ಬಂದರೆ ನೀವು ದ್ವೀಪದಲ್ಲಿದ್ದೀರಿ ಎಂದೇ ತಿಳಿಯಿರಿ.

ಸುಲಭದ ದಾರಿ ಬೇರೆಯೇ ಇದೆ. ನೆಟ್ ಹೋದರೂ ಅಂತರರಾಷ್ಟ್ರೀಯ ಫೋನ್ ಕರೆ ಎಷ್ಟೋ ಸಲ ಉಳಿದಿರುತ್ತದೆ. ಹೊರಗಿನವರೊಬ್ಬರಿಗೆ ಫೋನ್ ಮಾಡಿ ಇತ್ತೀಚಿನ ಬ್ಲಾಕ್‌ನ ಸಂಖ್ಯೆಯನ್ನೂ ಅದರ ಹ್ಯಾಶ್‌ನ, ಅಂದರೆ ಆ ಬ್ಲಾಕ್‌ಗೆ ಮಾತ್ರ ಸೇರಿದ ಗುರುತಿನ ಸಾಲಿನ, ಕೊನೆಯ ಎಂಟು ಅಕ್ಷರಗಳನ್ನೂ ಓದಿಸಿಕೊಳ್ಳಿ. ಸಂಖ್ಯೆಯೊಂದೇ ಸಾಲದು, ಎರಡು ಸರಪಳಿಗಳಲ್ಲೂ ಅದೇ ಸಂಖ್ಯೆಯ ಬ್ಲಾಕ್ ಇರಬಹುದು. ಮೊದಲ ಅಕ್ಷರಗಳೂ ಬೇಡ, ಅವು ಯಾವಾಗಲೂ ಸೊನ್ನೆಗಳೇ.

## ಉಳಿದ ಒಂದು ಎಳೆ

ಹೊರಗಿನ ಒಂದೇ ಒಂದು ಸಂಪರ್ಕ ಸಾಕು ಅಂತೀರಿ, ಅಷ್ಟು ಸಣ್ಣದರಿಂದ ಏನಾದೀತು?

ಬಹಳ ಆಗುತ್ತದೆ. ದೇಶದೊಳಗಿನ ನೋಡ್‌ಗಳು ಪರಸ್ಪರ ಮಾತಾಡುತ್ತಿದ್ದರೆ, ಅವುಗಳಲ್ಲಿ ಯಾವುದೋ ಒಂದಕ್ಕೆ ಹೊರಗಿನ ಬ್ಲಾಕ್ ಬಂದರೂ ಅದು ಎಲ್ಲರಿಗೂ ಹರಡುತ್ತದೆ. ಒಳಗಿನ ಹುಸಿ ಕೊಂಬೆ ಬೆಳೆಯುವ ಮೊದಲೇ ಕತ್ತರಿಸಿಹೋಗುತ್ತದೆ.

ಆ ಸಂಪರ್ಕಕ್ಕೆ ಬೇಕಾದ ಅಗಲವೂ ಹಾಸ್ಯಾಸ್ಪದ ಎನ್ನುವಷ್ಟು ಕಡಿಮೆ. 10 ನಿಮಿಷಕ್ಕೆ 2 ಎಂಬಿ ಬ್ಲಾಕ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 27 ಕಿಲೋಬಿಟ್. ಹಳೆಯ ಕಾಲದ ಕಿರುಗುಟ್ಟುವ ಡಯಲ್‌ಅಪ್ ಮೋಡೆಮ್ ಸಾಕು. ಪೂರ್ತಿ ಬ್ಲಾಕ್ ಬೇಡ, ಅದರ ಸಾರಾಂಶದಂಥ ತಲೆಬರಹ ಸಾಕೆಂದರೆ ಪ್ರತಿ ಬ್ಲಾಕ್‌ಗೆ 80 ಬೈಟ್, ದಿನಕ್ಕೆ ಹನ್ನೆರಡು ಕಿಲೋಬೈಟ್‌ಗೂ ಕಡಿಮೆ. ಆ 80 ಬೈಟನ್ನು ಹದಿನಾರರ ಅಂಕಪದ್ಧತಿಯಲ್ಲಿ ಬರೆದರೆ 160 ಅಕ್ಷರ, ಒಂದು ಎಸ್‌ಎಂಎಸ್‌ಗೆ ಕರಾರುವಾಕ್ಕಾಗಿ ಹಿಡಿಸುವಷ್ಟು. ಯಾರೂ ಹಾಗೆಂದು ಯೋಜಿಸಿದ್ದಲ್ಲ, ಕಾಕತಾಳೀಯ. ನನಗೆ ಮಾತ್ರ ಅದನ್ನು ಹೇಳದೆ ಇರಲಾಗುವುದಿಲ್ಲ.

ತಲೆಬರಹ ನಕಲಿ ಮಾಡಲು ನಿಜವಾದ ಗಣಿಗಾರಿಕೆಯಷ್ಟೇ ವಿದ್ಯುತ್ ಸುಡಬೇಕು, ಆದ್ದರಿಂದ ತಂದವನ ಗುಣ ನೋಡಬೇಕಿಲ್ಲ. ಆದರೆ ತಲೆಬರಹ ಹೇಳುವುದು "ಹೊರಗೆ ಇಷ್ಟು ಕೆಲಸ ನಡೆದಿದೆ" ಎಂದಷ್ಟೇ. ಬ್ಲಾಕ್‌ನ ಒಳಗಿರುವುದು ನಿಯಮಕ್ಕೆ ಸರಿಯಿದೆಯೇ ಎಂದು ಹೇಳುವುದಿಲ್ಲ. 2015ರ ಜುಲೈ 4ರಂದು ಕೆಲವು ಗಣಿಗಾರರು ಒಳಗನ್ನು ಪರೀಕ್ಷಿಸದೆ ತಲೆಬರಹದ ಮೇಲೆಯೇ ಬ್ಲಾಕ್ ಕಟ್ಟುತ್ತಾ ಹೋಗಿ ಆರು ಬ್ಲಾಕ್‌ಗಳ ಅಸಿಂಧು ಸರಪಳಿ ಹೆಣೆದಿದ್ದರು.

ಉಪಗ್ರಹದಿಂದ ಬ್ಲಾಕ್‌ಚೈನ್ ಬರುತ್ತದೆ ಅಂತ ಕೇಳಿದ್ದೆ, ಅದಿದ್ದರೆ ಸಮಸ್ಯೆ ಮುಗಿಯಿತಲ್ಲ?

ಅರ್ಧ ಮುಗಿಯಿತು. ಬ್ಲಾಕ್‌ಸ್ಟ್ರೀಮ್ ಕಂಪನಿ 2017ರ ಆಗಸ್ಟ್‌ನಲ್ಲಿ ಬಾಡಿಗೆ ಉಪಗ್ರಹಗಳ ಮೂಲಕ ಬಿಟ್‌ಕಾಯಿನ್ ಬ್ಲಾಕ್‌ಗಳನ್ನು ಬಿತ್ತರಿಸತೊಡಗಿತು, ಮುಂದಿನ ವರ್ಷ ಏಷ್ಯಾ–ಪೆಸಿಫಿಕ್‌ಗೂ ವಿಸ್ತರಿಸಿತು. ಟಿವಿಗೆ ಬಳಸುವಂಥ ಸಣ್ಣ ಡಿಷ್ ಸಾಕು, ಪಡೆಯುವವನು ಯಾರೆಂದು ಯಾರಿಗೂ ತಿಳಿಯದು. ಆದರೆ ಅದು ಒಮ್ಮುಖ. ನಿಮಗೆ ಬಂದ ಹಣವನ್ನು ನೋಡಬಹುದು, ಕಳಿಸಲಾಗದು. ಒಳಗಿನ ಗಣಿಗಾರನಿಗೂ ಹಾಗೆಯೇ: ಹೊರಗಿನ ತುದಿ ಕಾಣುತ್ತದೆ, ತಾನು ಕಂಡ ಬ್ಲಾಕನ್ನು ಮೇಲೆ ಕಳಿಸಲು ದಾರಿಯಿಲ್ಲ.

ಆದರೆ ಬೇಡಿಕೆಯೂ ಅದೇ ಆಕಾರದಲ್ಲಿದೆ. ಒಳಗೆ ಬರಬೇಕಾದ್ದು ಎಂಬಿಗಳ ಲೆಕ್ಕದಲ್ಲಿ, ಹೊರಗೆ ಹೋಗಬೇಕಾದ್ದು ನೂರಾರು ಬೈಟ್‌ಗಳ ಲೆಕ್ಕದಲ್ಲಿ. ಒಳಬರುವುದಕ್ಕೆ ಡಿಷ್, ಹೊರಹೋಗುವುದಕ್ಕೆ ಬೇರೆ ಯಾವುದಾದರೂ ಸಂದು.

ಆ ಸಂದು ಯಾವುದು? ರೇಡಿಯೊ, ಎಸ್‌ಎಂಎಸ್ ಎಲ್ಲ ಕೆಲಸ ಮಾಡುತ್ತದಾ, ಬರೀ ಪ್ರದರ್ಶನವಾ?

ಎರಡೂ. 2019ರ ಫೆಬ್ರವರಿಯಲ್ಲಿ ಟೊರಾಂಟೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹವ್ಯಾಸಿ ರೇಡಿಯೊ ಅಲೆಯ ಮೇಲೆ ಬಿಟ್‌ಕಾಯಿನ್ ಕಳಿಸಿ ತೋರಿಸಿದರು. ಅದು ಸಾಹಸ, ದಿನಬಳಕೆಯ ಸಾಧನವಲ್ಲ. ಎಸ್‌ಎಂಎಸ್ ಹೆಚ್ಚು ನೆಲದ ಮೇಲಿದೆ: ಒಂದು ವಹಿವಾಟು ಮೂರು–ನಾಲ್ಕು ಸಂದೇಶಗಳಲ್ಲಿ ಹಿಡಿಸುತ್ತದೆ, ಹೊರಗಿರುವ ಗೆಳೆಯ ಅದನ್ನು ಜೋಡಿಸಿ ಪ್ರಸಾರ ಮಾಡಬಹುದು. ಆಫ್ರಿಕಾದ ಮಚಾಂಕುರಾ ಸೇವೆ ಸಾದಾ ಫೋನಿನ ಯುಎಸ್‌ಎಸ್‌ಡಿ (* ಮತ್ತು # ಒತ್ತಿ ಬಳಸುವ ಮೆನು) ಮೂಲಕ ಬಿಟ್‌ಕಾಯಿನ್ ಕಳಿಸಲು ಬಿಡುತ್ತದೆ, ಆದರೆ ಅಲ್ಲಿ ಕೀಲಿ ಸೇವೆಯವರ ಬಳಿ ಇರುತ್ತದೆ, ಸರ್ವರ್‌ಗೂ ಸಂಪರ್ಕ ಬೇಕು.

ನನ್ನ ಮಟ್ಟಿಗೆ ಪೆನ್‌ಡ್ರೈವ್‌ನಷ್ಟು ಗಟ್ಟಿ ಯಾವುದೂ ಇಲ್ಲ. ಒಂದು ದಿನದ 144 ಬ್ಲಾಕ್, ತಲಾ 2 ಎಂಬಿಯಂತೆ 288 ಎಂಬಿ. ಗಡಿ ದಾಟುವ ಒಬ್ಬನ ಜೇಬಿನಲ್ಲಿ ಒಂದು ವಾರದ ಇತಿಹಾಸ ಹೋಗಿಬರಬಹುದು. ತಡ ಆಗುತ್ತದೆ, ಆದರೆ ಬಂದದ್ದನ್ನು ನಿಮ್ಮ ನೋಡ್ ಸಾಲುಸಾಲಾಗಿ ಪರೀಕ್ಷಿಸಿಕೊಳ್ಳುತ್ತದೆ.

ನೆಟ್ ಪೂರ್ತಿ ಕಡಿಯದೆ ಬಿಟ್‌ಕಾಯಿನ್ ಸಂಚಾರ ಮಾತ್ರ ತಡೆದರೆ?

ಹಿಂದೆ ಸುಲಭವಿತ್ತು. ನೋಡ್‌ಗಳ ಮಾತು ಬಯಲಿನಲ್ಲಿ ನಡೆಯುತ್ತಿತ್ತು, ಬಹುಪಾಲು 8333ನೇ ಪೋರ್ಟ್‌ನಲ್ಲಿ, ಪ್ರತಿ ಸಂದೇಶದ ಮೊದಲಿಗೆ ಅದೇ ನಾಲ್ಕು ಬೈಟ್ ಗುರುತು. ಬಿಪ್ 324 ಎಂಬ ಪ್ರಸ್ತಾವ ಈ ಮಾತನ್ನು ಗೂಢಲಿಪೀಕರಿಸಿ ಯಾದೃಚ್ಛಿಕ ಬೈಟ್‌ಗಳಂತೆ ಕಾಣಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ಬಿಟ್‌ಕಾಯಿನ್ ಕೋರ್ 27.0ರಿಂದ ಅದು ತಾನಾಗಿ ಚಾಲೂ. ಬಳಸುವವರ ಗುರುತು ಮರೆಮಾಡುವ ಟಾರ್ ಜಾಲದ ಮೂಲಕವೂ ನೋಡ್ ನಡೆಸಬಹುದು. ಯಾದೃಚ್ಛಿಕವಾಗಿ ಕಾಣುವುದನ್ನೆಲ್ಲ ತಡೆಯುತ್ತೇನೆ ಎಂದು ಹೊರಟರೆ ಬೇರೆ ಎಷ್ಟೋ ಸೇವೆಗಳೂ ಬೀಳುತ್ತವೆ. ಆ ಬೆಲೆ ತೆರಲು ಸಿದ್ಧವಿರುವ ಸರ್ಕಾರಗಳೂ ಇವೆ.

ಇದೆಲ್ಲ ಮಾಡಿ ಸಿಕ್ಕಿಬಿದ್ದರೆ?

ತಾಂತ್ರಿಕ ಉತ್ತರ ಇಲ್ಲದ ಪ್ರಶ್ನೆ. ಪಡೆಯುವ ಸಾಧನ ಮೌನಿ. ಕಳಿಸುವ ಸಾಧನ ಯಾವುದೇ ಆಗಲಿ ತನ್ನ ಜಾಗ ಹೇಳುತ್ತದೆ, ಅದನ್ನು ದಿಕ್ಕುಪತ್ತೆಯಿಂದ ಹುಡುಕಬಹುದು. ಹವ್ಯಾಸಿ ರೇಡಿಯೊ ನಿಯಮಗಳು ಸಾಮಾನ್ಯವಾಗಿ ಗೂಢಲಿಪಿಯನ್ನೂ ವ್ಯಾಪಾರದ ಸಂದೇಶವನ್ನೂ ನಿಷೇಧಿಸುತ್ತವೆ. ಉಪಗ್ರಹ ಇಂಟರ್ನೆಟ್ ಟರ್ಮಿನಲ್ ಇಟ್ಟುಕೊಳ್ಳುವುದೇ ಅಪರಾಧವಾಗಿರುವ ದೇಶಗಳಿವೆ. ನಾಲ್ಕು ದಿನ ಕಾಯಬಹುದಾದ ಪಾವತಿಗಾಗಿ ಈ ಅಪಾಯ ಮೈಮೇಲೆ ಎಳೆದುಕೊಳ್ಳುವುದು ನನಗೆ ಸರಿಕಾಣದು.

## ಇನ್ನಷ್ಟು ಆಳಕ್ಕೆ

ಲೈಟ್ನಿಂಗ್ ಚಾನೆಲ್‌ನಲ್ಲಿರುವ ಹಣ?

ಇಲ್ಲಿ ನಿಜವಾಗಿ ಚಿಂತಿಸಬೇಕು. ಲೈಟ್ನಿಂಗ್ ಅಂದರೆ ಇಬ್ಬರು ನಡುವೆ ಚಾನೆಲ್ ತೆರೆದು, ಪ್ರತಿ ಪಾವತಿಯನ್ನೂ ಸರಪಳಿಗೆ ಹಾಕದೆ ತಮ್ಮೊಳಗೇ ಲೆಕ್ಕ ಬದಲಿಸಿಕೊಳ್ಳುವ ಪದ್ಧತಿ. ಎದುರು ಪಕ್ಷ ಹಳೆಯ ಲೆಕ್ಕವನ್ನು ಸರಪಳಿಗೆ ಹಾಕಿದರೆ ಅದನ್ನು ತಡೆಯಲು ನಿಮಗೆ ನಿಗದಿತ ಗಡುವು ಇರುತ್ತದೆ, ಸಾಮಾನ್ಯವಾಗಿ 144ರಿಂದ 2016 ಬ್ಲಾಕ್, ಅಂದರೆ ಒಂದು ದಿನದಿಂದ ಎರಡು ವಾರ. ನೀವು ಒಳಗೆ ಕುರುಡಾಗಿ ಕೂತಿರುವಾಗ ಈ ಗಡಿಯಾರ ಹೊರಗಿನ ಬ್ಲಾಕ್‌ಗಳ ಲೆಕ್ಕದಲ್ಲಿ ಓಡುತ್ತಿರುತ್ತದೆ. ಇದಕ್ಕೆಂದೇ ಕಾವಲುಗೋಪುರ ಸೇವೆಗಳಿವೆ; ನಿಮ್ಮ ಪರವಾಗಿ ನೋಡುತ್ತಿದ್ದು ಮೋಸ ಕಂಡರೆ ಶಿಕ್ಷೆಯ ವಹಿವಾಟು ಹಾಕುತ್ತವೆ. ಕಾವಲುಗೋಪುರ ನಿಮ್ಮದೇ ದೇಶದಲ್ಲಿದ್ದರೆ ಅದೂ ನಿಮ್ಮಷ್ಟೇ ಕುರುಡು.

ತಮಾಷೆಯೆಂದರೆ, ಇಬ್ಬರೂ ಒಳಗಿದ್ದು ನಡುವಿನ ಚಾನೆಲ್‌ಗಳೂ ಒಳಗೇ ಇದ್ದರೆ ಲೈಟ್ನಿಂಗ್ ಪಾವತಿ ಎಂದಿನಂತೆ ಓಡುತ್ತದೆ. ಅದಕ್ಕೆ ಆ ಕ್ಷಣ ಬ್ಲಾಕ್ ಬೇಕಿಲ್ಲ. ಜಗಳ ಬಂದರೆ ಹೋಗಲು ನ್ಯಾಯಾಲಯ ಮಾತ್ರ ಮುಚ್ಚಿರುತ್ತದೆ.

ಇಥೀರಿಯಮ್‌ಗೂ ಇದೇ ಕಥೆಯೇ?

ಅಲ್ಲ. ಇಥೀರಿಯಮ್ ಇನ್ನೊಂದು ಕ್ರಿಪ್ಟೊ ಜಾಲ. 2022ರ ಸೆಪ್ಟೆಂಬರ್‌ನಿಂದ ಅಲ್ಲಿ ಗಣಿಗಾರರಿಲ್ಲ, ತಮ್ಮ ನಾಣ್ಯ ಪಣವಿಟ್ಟು ಬ್ಲಾಕ್ ಕಟ್ಟುವ ಮೌಲ್ಯಮಾಪಕರಿದ್ದಾರೆ. 12 ಸೆಕೆಂಡಿಗೊಂದು ಸರದಿ. ಶೇ 5 ಮೌಲ್ಯಮಾಪಕರಿರುವ ದ್ವೀಪದಲ್ಲಿ ಸರಾಸರಿ ನಾಲ್ಕು ನಿಮಿಷಕ್ಕೊಂದು ಬ್ಲಾಕ್ ಬರುತ್ತದೆ. ಆದರೆ ಮೂರನೇ ಎರಡರಷ್ಟು ಪಣ ಒಪ್ಪದೆ ಯಾವುದೂ ಅಂತಿಮವಾಗದು. ಆ ಅಂತಿಮ ಮುದ್ರೆ ಬಿದ್ದಿಲ್ಲ ಎಂಬುದೇ ಒಳಗಿನವರಿಗೆ ಸ್ಪಷ್ಟ ಸೂಚನೆ. ಈ ಸೂಚನೆ ಬಿಟ್‌ಕಾಯಿನ್‌ನಲ್ಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುವುದುಂಟು.

ಅಪಾಯ ಬರುವುದು ಕಡಿತ ವಾರಗಟ್ಟಲೆ ಎಳೆದಾಗ. ನಾಲ್ಕು ಯುಗ, ಅಂದರೆ ಸುಮಾರು 26 ನಿಮಿಷ, ಮುದ್ರೆ ಬೀಳದಿದ್ದರೆ ಗೈರುಹಾಜರಾದವರ ಪಣ ಸೋರತೊಡಗುತ್ತದೆ. ದ್ವೀಪದೊಳಗಿನ ಲೆಕ್ಕದಲ್ಲಿ ಗೈರುಹಾಜರಾದವರು ಹೊರಗಿನ ಇಡೀ ಜಗತ್ತು! ವಾರಗಳ ನಂತರ ಅವರ ಪಣ ಕರಗಿ ದ್ವೀಪದವರೇ ಮೂರನೇ ಎರಡರಷ್ಟಾಗುತ್ತಾರೆ, ತಮ್ಮದೇ ಇತಿಹಾಸಕ್ಕೆ ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದ ಎರಡು ಇತಿಹಾಸಗಳು ತಾವಾಗಿ ಸೇರುವುದಿಲ್ಲ, ಮನುಷ್ಯರೇ ಕೂತು ಬಿಡಿಸಬೇಕು.

ಇನ್ನೂ ಕೆಲವು ಜಾಲಗಳು ಮೂರನೇ ಒಂದಕ್ಕಿಂತ ಹೆಚ್ಚು ಪಣ ಕಾಣೆಯಾದರೆ ನಿಂತೇಬಿಡುತ್ತವೆ. ಜಾಲ ತುಂಡಾದಾಗ ಓಡುವುದೋ, ಒಂದೇ ಸತ್ಯ ಹೇಳುವುದೋ, ಎರಡರಲ್ಲಿ ಒಂದನ್ನು ಬಿಡಲೇಬೇಕು. ಬಿಟ್‌ಕಾಯಿನ್ ಓಡುವುದನ್ನು ಆರಿಸಿಕೊಂಡಿದೆ, ಅವು ನಿಲ್ಲುವುದನ್ನು.

ಜನ ನಿಜವಾಗಿ ಬಳಸುವುದು ಯುಎಸ್‌ಡಿಟಿ. ಅದರ ಕಥೆ?

ಇನ್ನೂ ದುರ್ಬಲ. ಯುಎಸ್‌ಡಿಟಿ ಅಂದರೆ ಟೆದರ್ ಕಂಪನಿ ಹೊರಡಿಸುವ, ಡಾಲರ್‌ಗೆ ಕಟ್ಟಿದ ಟೋಕನ್. ಅದು ಹೆಚ್ಚಾಗಿ ಓಡಾಡುವ ಟ್ರಾನ್ ಜಾಲದಲ್ಲಿ ಬ್ಲಾಕ್ ಮಾಡುವವರು 27 ಪ್ರತಿನಿಧಿಗಳು. ಅವರಲ್ಲಿ ಯಾರೂ ಒಳಗಿಲ್ಲದಿದ್ದರೆ ಒಳಗೆ ಸರಪಳಿಯೇ ಇಲ್ಲ. ಅಕಸ್ಮಾತ್ ಒಂದು ಕೊಂಬೆ ಹುಟ್ಟಿದರೂ ಟೆದರ್ ಕಂಪನಿ ಡಾಲರ್ ಕೊಡುವುದು ಹೊರಗಿನ ಕೊಂಬೆಯ ಟೋಕನ್‌ಗೆ ಮಾತ್ರ.

ಸರ್ಕಾರವಲ್ಲ, ಹ್ಯಾಕರ್‌ಗಳೇ ಜಾಲವನ್ನು ತುಂಡು ಮಾಡಬಹುದೇ?

ಇಂಟರ್ನೆಟ್‌ನ ಮಾರ್ಗಸೂಚಿ ವ್ಯವಸ್ಥೆಗೆ ಸುಳ್ಳು ಹೇಳಿದರೆ ಸಾಧ್ಯ. 2014ರಲ್ಲಿ ಕೆನಡಾದ ಒಂದು ಸೇವಾದಾತ ಸಂಸ್ಥೆಯ ಜಾಲದಿಂದ ಹೊರಟ ಸುಳ್ಳು ಮಾರ್ಗಗಳು ಗಣಿಗಾರರನ್ನು ಕಳ್ಳ ಪೂಲ್‌ಗೆ ತಿರುಗಿಸಿ ಸುಮಾರು 83,000 ಡಾಲರ್ ಮೌಲ್ಯದ ನಾಣ್ಯ ಕದ್ದವು. 2017ರಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಜೆರುಸಲೇಮ್‌ನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು, ನೂರಕ್ಕೂ ಕಡಿಮೆ ವಿಳಾಸಗುಚ್ಛಗಳನ್ನು ಅಪಹರಿಸಿದರೆ ಗಣಿಗಾರಿಕೆಯ ಅರ್ಧದಷ್ಟನ್ನು ಬೇರ್ಪಡಿಸಬಹುದೆಂದು ತೋರಿಸಿದರು. ಆಮೇಲೆ ಬಿಟ್‌ಕಾಯಿನ್ ಕೋರ್‌ಗೆ ಒಂದು ಆಯ್ಕೆ ಸೇರಿತು: ನೋಡ್ ತನ್ನ ನೆಂಟರನ್ನು, ಅಂದರೆ ತಾನು ಮಾತಾಡುವ ನೋಡ್‌ಗಳನ್ನು, ಬೇರೆ ಬೇರೆ ಸೇವಾದಾತರ ಜಾಲಗಳಿಂದ ಆರಿಸಿಕೊಳ್ಳಬಹುದು.

ಕಡಿದುಕೊಂಡದ್ದು ಸಣ್ಣ ದೇಶವಲ್ಲ, ಅಮೆರಿಕದಂಥದ್ದಾದರೆ?

ಆಗ ದ್ವೀಪ ಯಾರು ಎಂಬುದೇ ಪ್ರಶ್ನೆ. ಕೇಂಬ್ರಿಜ್ ಅಂದಾಜಿನಂತೆ 2019ರ ಸೆಪ್ಟೆಂಬರ್‌ನಲ್ಲಿ ಚೀನಾದ ಪಾಲು ಸುಮಾರು ಶೇ 75. ಆ ದಿನ ಚೀನಾ ಬಾಗಿಲು ಹಾಕಿಕೊಂಡಿದ್ದರೆ, ಪೂಲ್‌ಗಳೂ ಅಲ್ಲೇ ಇದ್ದವೆಂದಾದರೆ, ಸೋಲುವ ಕೊಂಬೆಯ ಮೇಲೆ ಕೂತಿರುತ್ತಿದ್ದದ್ದು ಉಳಿದ ಜಗತ್ತು. 2022ರ ಜನವರಿಯಲ್ಲಿ ಅಮೆರಿಕದ ಪಾಲು ಸುಮಾರು ಶೇ 38. ಆ ಅನುಪಾತದಲ್ಲಿ ಒಡೆದರೆ ಒಳಗೆ 26 ನಿಮಿಷಕ್ಕೊಂದು ಬ್ಲಾಕ್, ಹೊರಗೆ 16 ನಿಮಿಷಕ್ಕೊಂದು. ಐದಾರು ವಾರಗಳಲ್ಲಿ ಎರಡೂ ಕಡೆ ಕಠಿಣತೆ ಹೊಂದಿಕೊಂಡು ಇಬ್ಬರಿಗೂ 10 ನಿಮಿಷಕ್ಕೊಂದು ಬರತೊಡಗುತ್ತದೆ. ಅಲ್ಲಿಂದಾಚೆಗೆ ಬ್ಲಾಕ್ ಸಂಖ್ಯೆ ನೋಡಿ ಗೆಲುವು ಹೇಳಲಾಗದು, ಕೂಡಿದ ಕೆಲಸವನ್ನೇ ಎಣಿಸಬೇಕು. ನಿಯಮದಂತೆ ಶೇ 62ರವರು ಗೆಲ್ಲುತ್ತಾರೆ. ತಿಂಗಳುಗಟ್ಟಲೆಯ ಸಂಬಳ, ಸಾಲ, ವ್ಯಾಪಾರ ಅಳಿಸಿಹೋಗುವುದನ್ನು ಶೇ 38ರವರು ಸುಮ್ಮನೆ ಒಪ್ಪುತ್ತಾರೆಂದು ನನಗನಿಸದು; ಅವರು ತಮ್ಮ ಕೊಂಬೆಯನ್ನೇ ಹಿಡಿದು ಬೇರೆ ನಾಣ್ಯವಾಗಿ ಉಳಿಯುವ ಸಾಧ್ಯತೆಯೇ ಹೆಚ್ಚು.

ಕಂಪ್ಯೂಟರ್ ಗಡಿಯಾರ ತಪ್ಪಿದರೂ ತೊಂದರೆ ಅಂತಾರೆ?

ಹೌದು. ತನ್ನ ಗಡಿಯಾರಕ್ಕಿಂತ ಎರಡು ಗಂಟೆಗೂ ಮುಂದಿನ ಸಮಯ ಹೊತ್ತ ಬ್ಲಾಕನ್ನು ನೋಡ್ ಒಪ್ಪುವುದಿಲ್ಲ. ಸಮಯ ಹೇಳುವ ಸರ್ವರ್‌ಗಳೂ ಕಡಿತದಲ್ಲಿ ಹೋಗಿರುತ್ತವೆ. ಕೈಗಡಿಯಾರ ನೋಡಿ ಸರಿಮಾಡಿಕೊಳ್ಳಿ.

ಕಡಿತ ಬರುತ್ತದೆಂಬ ಗುಮಾನಿ ಇದೆ. ಮೊದಲೇ ಏನು ಮಾಡಿಟ್ಟುಕೊಳ್ಳಲಿ?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರೇ ಹೆಚ್ಚು, ಆದ್ದರಿಂದ ಈ ಪ್ರಶ್ನೆ ಬಂದಾಗ ಖುಷಿಯಾಗುತ್ತದೆ. ಎಕ್ಸ್‌ಚೇಂಜ್‌ನಲ್ಲಿರುವುದನ್ನು ನಿಮ್ಮ ಕೀಲಿಗೆ ತೆಗೆದುಕೊಳ್ಳಿ. ಸ್ವಂತ ನೋಡ್ ಇದ್ದರೆ ಪೂರ್ತಿ ಹೊಂದಿಸಿಟ್ಟುಕೊಳ್ಳಿ. ಮೊದಲಿನಿಂದ ಇಳಿಸಿಕೊಳ್ಳಲು ನೂರಾರು ಜಿಬಿ ಬೇಕು, ಕಡಿತದಲ್ಲಿ ಅದು ಆಗದ ಮಾತು. ಲೈಟ್ನಿಂಗ್ ಚಾನೆಲ್ ಮುಚ್ಚಿ, ಇಲ್ಲವೇ ಕಾವಲುಗೋಪುರವನ್ನು ಹೊರದೇಶದಲ್ಲಿ ಗೊತ್ತುಮಾಡಿ.

ಹೊರಗಿನವರಿಗೆ ಕೀಲಿ ಕೊಡಲು ಮನಸ್ಸಿಲ್ಲ, ಆದರೆ ತುರ್ತಿನಲ್ಲಿ ಒಂದು ಮೊತ್ತ ಅವರಿಗೆ ಸೇರಬೇಕು ಎಂದಿದ್ದರೆ, ಆ ಮೊತ್ತದ ವಹಿವಾಟಿಗೆ ಈಗಲೇ ಸಹಿ ಹಾಕಿ, ಇಂಥ ಬ್ಲಾಕ್‌ಗಿಂತ ಮೊದಲು ಸೇರಕೂಡದು ಎಂಬ ಕಾಲಬೀಗ ಜಡಿದು ಅವರ ಕೈಗೆ ಕೊಟ್ಟಿಡಬಹುದು. ಕಡಿತ ಬಾರದಿದ್ದರೆ ಬೀಗ ತೆರೆಯುವ ಮುನ್ನ ನೀವೇ ಆ ನಾಣ್ಯವನ್ನು ಬೇರೆ ವಿಳಾಸಕ್ಕೆ ಸರಿಸಿದರೆ ಆ ಕಾಗದ ರದ್ದು. ಶುಲ್ಕ ಮಾತ್ರ ಸಹಿಯ ದಿನವೇ ಗಟ್ಟಿಯಾಗಿಬಿಡುತ್ತದೆ, ಮುಂದೆ ದರ ಏರಿದರೆ ವಹಿವಾಟು ಸಾಲಿನಲ್ಲೇ ಕೊಳೆಯಬಹುದು. ಆದ್ದರಿಂದ ಅದೇ ನಾಣ್ಯಕ್ಕೆ ಕಡಿಮೆ, ಮಧ್ಯಮ, ಹೆಚ್ಚು ಶುಲ್ಕದ ಮೂರು ಪ್ರತಿಗಳಿಗೆ ಸಹಿ ಹಾಕಿಕೊಡಿ. ಯಾವುದಾದರೂ ಒಂದು ಮಾತ್ರ ಸೇರುತ್ತದೆ, ಉಳಿದೆರಡು ತಾವಾಗಿ ಸಾಯುತ್ತವೆ.